ಬೇಬ್ ಅಂದರೆ ಯಾರು

ಜೂನ್ 3, ಸೋಮವಾರ
ಅಂಗಡಿಯಲ್ಲಿ ಹನ್ನೊಂದು ಕನ್ನಡಕ. ಮೂರಕ್ಕೆ ಮೂಗಿನ ಪ್ಯಾಡ್ ಬದಲು, ಒಂದಕ್ಕೆ ಸ್ಕ್ರೂ. ಕತ್ತು ಹಿಡಿದುಕೊಂಡಿದೆ.
ಮನೆಗೆ ಬಂದರೆ ಇವರು, "ಬೇಬ್, ಕಾಫಿ ಮಾಡ್ಲಾ?" ಬಾಗಿಲಲ್ಲೇ ನಿಂತುಬಿಟ್ಟೆ. ಇಪ್ಪತ್ತೆರಡು ವರ್ಷ "ಏ, ಇವಳೇ" ಅಂತ ಕೂಗಿದ ಬಾಯಿ! ಹಾಗಂದರೆ ಏನೇ ಅಂತ ಮಗಳನ್ನು ಕೇಳಿದೆ. "ಮುದ್ದು, ಚಿನ್ನ ಅಂತೀವಲ್ಲ, ಹಂಗೆ ಅಮ್ಮ. ಅಪ್ಪಂಗೆ ಏನಾಯ್ತು!" ಬಿದ್ದು ಬಿದ್ದು ನಕ್ಕಳು. ನನಗೆ ನಲವತ್ತಾರು... ಆದರೂ ಸುಳ್ಳು ಯಾಕೆ, ಖುಷಿಯಾಯಿತು.

ಜೂನ್ 8, ಶನಿವಾರ
ಇವರ ಆಫೀಸಿನಲ್ಲಿ ಆಡಿಟ್. ಶನಿವಾರವೂ ಬಿಡುವಿಲ್ಲ, ಪಾಪ. ಹೋಗುವಾಗ, "ಬರ್ತೀನಿ ಬೇಬ್." ಅಂಗಡಿಯ ಕನ್ನಡಿಗಳಲ್ಲಿ ದಿನವಿಡೀ ನನ್ನನ್ನೇ ನೋಡಿಕೊಂಡೆ. ಮಾಲೀಕರು, "ಏನಮ್ಮಾ, ಹೊಸ ಫ್ರೇಮ್ ಬೇಕಾ?" ಅಂದರು. ನಾಚಿಕೆಗೇಡು.

ಜೂನ್ 20, ಗುರುವಾರ, ಸಂಜೆ
ಬರೆದುಬಿಡಬೇಕು.
ಮೂವತ್ತೈದರ ಹೆಂಗಸೊಬ್ಬಳು ಬಂದಳು. ಕನ್ನಡಕ ಸಡಿಲ. ಕಾರ್ಡಿನಲ್ಲಿ ಹೆಸರು ಬರೆದುಕೊಂಡೆ, ಕನ್ನಡಕ ಇಸಕೊಂಡು ಕಡ್ಡಿಯನ್ನು ಬಿಸಿಗೆ ಹಿಡಿದೆ. ಅಷ್ಟರಲ್ಲಿ ಅವಳ ಫೋನು ಟಿಣ್ ಅಂತು. ಕನ್ನಡಕ ನನ್ನ ಕೈಗೆ ಬಂದಮೇಲೆ ಎಲ್ಲರೂ ನನಗೇ ಓದಲು ಹೇಳುವವರು — ದಿನಕ್ಕೆ ನಾಲ್ಕು ಜನ. "ಅಕ್ಕಾ, ಏನು ಬಂದಿದೆ ಓದ್ತೀರಾ? ನಂಗೆ ಬರೀ ಮಂಜು ಮಂಜು."
ಓದಿದೆ. ಗಟ್ಟಿಯಾಗಿ. "ಬೇಬ್, ಶನಿವಾರ ಆಡಿಟ್ ಅಂತ ಮನೇಲಿ ಹೇಳಿದೀನಿ. ಹತ್ತಕ್ಕೆ ಬರ್ತೀನಿ."
ಮೇಲೆ ಇವರ ಫೋಟೋ. ಮೂಗಿನ ಮೇಲೆ ನಾನೇ ಆರಿಸಿಕೊಟ್ಟ ಫ್ರೇಮ್.
"ಥ್ಯಾಂಕ್ಸ್ ಅಕ್ಕಾ" ಅಂದಳು. ಕೆನ್ನೆ ಕೆಂಪಾಗಿತ್ತು. ಕಡ್ಡಿ ಸರಿಮಾಡಿ ಅವಳ ಕಿವಿಗೆ ನಾನೇ ಇಟ್ಟೆ. ಸರಿಯಾಗಿ ಕೂತಿದೆಯಾ ಅಂತಲೂ ಕೇಳಿದೆ! ನನ್ನ ಬುದ್ಧಿಗಿಷ್ಟು.

ಜೂನ್ 21, ಶುಕ್ರವಾರ
ಈಗ ಹೊಳೆಯಿತು. ಬಾಯಿತಪ್ಪಿ ಅವಳ ಹೆಸರು ಬಂದುಬಿಡಬಾರದಲ್ಲ, ಅದಕ್ಕೇ ಇಬ್ಬರಿಗೂ ಒಂದೇ ಕರೆ. ಮುದ್ದಂತೆ ಮುದ್ದು! ಥೂ. ಹೊಟ್ಟೆ ಉರಿಯುತ್ತಿದೆ. ಖುಷಿಪಟ್ಟೆನಲ್ಲ, ಅದಕ್ಕೆ ಇನ್ನೂ ಉರಿ.

ಜೂನ್ 22, ಶನಿವಾರ, ಬೆಳಗ್ಗೆ 9.15
ಶೂ ಹಾಕಿಕೊಳ್ಳುತ್ತಿದ್ದರು. "ರೀ, ಒಂದ್ಸಲ ನನ್ನ ಹೆಸರು ಹಿಡಿದು ಕರೀರಿ."
"ಯಾಕೆ ಬೇಬ್? ಲೇಟಾಗ್ತಿದೆ."
"ಕರೆದುಬಿಟ್ಟು ಹೋಗಿ."
ನಕ್ಕರು. ಗಡಿಯಾರ ನೋಡಿಕೊಂಡರು. ಅವಸರದಲ್ಲಿ ಬಾಯಿ ತೆರೆದರು.
ಬಂದದ್ದು ಗುರುವಾರ ನಾನು ಕಾರ್ಡಿನಲ್ಲಿ ಬರೆದುಕೊಂಡ ಹೆಸರು.
ಶೂ ಲೇಸು ಅವರ ಕೈಯಲ್ಲೇ ಇದೆ. ಬಾಗಿಲಲ್ಲೇ ಕೂತಿದ್ದಾರೆ. ನಾನು ಒಳಗೆ ಬಂದು ಬರೆಯುತ್ತಿದ್ದೇನೆ. ಈಗ ಕರೆಯುತ್ತಿದ್ದಾರೆ — ಹೆಸರು ಹಿಡಿದು, ನನ್ನದೇ. ಒಂದು ಸಲ, ಎರಡು ಸಲ... ಓಗೊಡುವ ಮನಸ್ಸಿಲ್ಲ.