ಪುರವರದ ಏಕೈಕ ಆಫ್ರಿಕಾನ್ಸ್ ವಿದ್ಯಾರ್ಥಿ

೧೧ ನವೆಂಬರ್ ೨೦೨೫, ಮಂಗಳವಾರ

ಪುರವರ ಹೋಬಳಿ ಆಫ್ರಿಕಾನ್ಸ್ ಸಂಘದ ಸಮಸ್ತ ಸದಸ್ಯರೇ, ಅಂದರೆ ನಾನೇ, ಇಂದಿನ ಉಪನ್ಯಾಸಕ್ಕೆ ಸ್ವಾಗತ.

ದಕ್ಷಿಣ ಆಫ್ರಿಕಾದ ಕುರಿಗಾರನೊಬ್ಬ ವಿಡಿಯೋದಲ್ಲಿ ಆಫ್ರಿಕಾನ್ಸ್ ಭಾಷೆಯಲ್ಲಿ ಹೇಳುವ ವಾಕ್ಯ ಕೊನೆಗೂ ಅರ್ಥವಾಯಿತು: 'ಎಕ್ ಕೊಮ್ ಓಮ್ ದಿ ಸ್ಕಾಪ್ ತೆ ಸೀನ್.' ನಾನು ಕುರಿ ನೋಡಲು ಬರುತ್ತೇನೆ. ಬರುವ 'ಕೊಮ್', 'ಎಕ್' ಅಂದರೆ ನಾನು ಎಂದ ಕೂಡಲೇ ಬಂದುಬಿಡುತ್ತದೆ. ನೋಡುವ 'ಸೀನ್' ಮಾತ್ರ ಕುರಿಯನ್ನು ಮುಂದೆ ಬಿಟ್ಟು ಕೊನೆಯಲ್ಲಿ ನಿಲ್ಲುತ್ತದೆ, ಥೇಟ್ ನಮ್ಮ ಕುರಿ ಕಾಯುವ ಯತ್ತಪ್ಪನಂತೆ. ಬರುವವನು ಮುಂದೆ, ನೋಡುವವನು ಹಿಂದೆ, ನಡುವೆ ಮಂದೆ! ಪ್ರಾಸ ನನ್ನದೇ. ಚಪ್ಪಾಳೆ.

ಸಂಜೆ ಯತ್ತಪ್ಪ ಸಿಕ್ಕಿದ. "ನೀನು ತಂದಿರೋ ಡಾರ್ಪರ್ ತಳಿ ಟಗರಿನ ದೇಶದ ಭಾಷೆ ಕಣಯ್ಯ, ನಿನಗೋಸ್ಕರ ಕಲೀತಿದೀನಿ" ಎಂದೆ.

"ಸುಮ್ಕಿರಿ ಸಾ. ಟಗರು ನಾನ್ ಕರುದ್ರೆ ಬತ್ತದೆ. ನಿಮ್ಗ್ಯಾತಕ್ಕೆ ಇದು, ಅದೇಳಿ."

ಆ ಪ್ರಶ್ನೆ ಮನೆಯತನಕ ಹಿಂದೆಯೇ ಬಂತು.

ಡಿಗ್ರಿಯಲ್ಲಿ ಒಂದು ಇಂಗ್ಲಿಷ್ ವಾಕ್ಯ ತಪ್ಪಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಆಮೇಲೆ ಇಪ್ಪತ್ತೈದು ವರ್ಷ ಕನ್ನಡ ಬಿಟ್ಟು ಬೇರೆ ಯಾವ ಭಾಷೆಗೂ ಬಾಯಿ ತೆರೆದಿಲ್ಲ. ಈ ಭಾಷೆಯಲ್ಲಿ ಎಷ್ಟು ತಪ್ಪಿದರೂ ಪುರವರದಲ್ಲಿ ಒಬ್ಬನಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಕಣಯ್ಯ, ಯತ್ತಪ್ಪ. ಟಗರಿಗಲ್ಲ.