ಟಿಕ್ ಬೀಳದ ಸಾಲುಗಳು

ಹಾಸ್ಟೆಲ್, ಕೋಣೆ ೧೪
ಫೆಬ್ರವರಿ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಲಿಫ್ಟು ರಿಪೇರಿಗೆಂದು ಅದರ ಕೆಳಗಿನ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವ ನಿಮ್ಮಂಥವರಿಗೆ ಮೊದಲು ಮಂಡಿಯೇ ಕೈಕೊಡುವುದು ಎಂದು ನೀನು ಹೇಳಿದ್ದೆ. ನಮ್ಮ ಕಾಲೇಜಿನ ಲಿಫ್ಟು ಕೆಟ್ಟು ಮೂರು ವಾರವಾಯಿತು. ಬಾಗಿಲಿಗೆ ಅಂಟಿಸಿರುವ ಚೀಟಿ ಕಂಡಾಗಲೆಲ್ಲ ನಿನ್ನ ನೆನಪಾಗುತ್ತದೆ. ಇದು ಹೊಗಳಿಕೆಯೋ ಅಲ್ಲವೋ ನೀನೇ ತೀರ್ಮಾನಿಸು. ನಾನು ಫೈನ್. ಹೊತ್ತು ಹೊತ್ತಿಗೆ ತಿನ್ನುತ್ತಿದ್ದೇನೆ, ಉಗುರೂ ಸೇರಿ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ, ಟೆನ್ಷನ್ ಮಾತ್ರ ಮುಂಗಡವಾಗಿ ಬಂದು ಕೂತಿದೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು', 'ಮತ್ತೆ' ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. 'ಮತ್ತೆ' ಆದಮೇಲೆ ಇಬ್ಬರಿಗೂ ಏನೂ ತೋಚುವುದಿಲ್ಲ. ಆದ್ದರಿಂದ ಈ ಪತ್ರ.

ಇದನ್ನು ಅಪ್ಪನಿಗೆ ಬರೆಯಲಾರೆ, ಅಮ್ಮನಿಗೆ ಬರೆದರೆ ಅಳುತ್ತಾಳೆ. ಎರಡು ವರ್ಷದ ಹಿಂದೆ ಸಂಜೆಯ ಪ್ರಾರ್ಥನೆಗೆ ಎಲ್ಲರೂ ಕೂತಿದ್ದಾಗ ನೀನು ಎದ್ದು, ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ, ನಂಬಿದವನ ಹಾಗೆ ಕಣ್ಣು ಮುಚ್ಚಿಕೊಂಡು ಕೂರುವುದೂ ನನ್ನಿಂದಾಗದು ಎಂದೆಯಂತೆ. ನಂಬದವನಿಗೆ ಈ ಮನೆಯಲ್ಲಿ ಏನು ಕೆಲಸ ಎಂದು ಅಪ್ಪ ಕೇಳಿದರಂತೆ. ಮಾರನೆಯ ದಿನ ನೀನು ಬ್ಯಾಗು ತೆಗೆದುಕೊಂಡು ಹೊರಟೆ. ನಾನು ಸ್ಕೂಲಿನ ಹಾಸ್ಟೆಲಿನಲ್ಲಿದ್ದೆ. ನನಗೆ ಬಂದದ್ದು ಅಮ್ಮನ ಒಂದು ಸಾಲು ಮಾತ್ರ: ಅಣ್ಣ ಬೇರೆ ಊರಿಗೆ ಹೋದ, ಅವನಿಗಾಗಿ ಪ್ರಾರ್ಥಿಸು. ಇವತ್ತು ನಾನು ಬರೆಯಲಿರುವುದನ್ನು ನಮ್ಮ ಮನೆಯಲ್ಲಿ ಯಾರಾದರೂ ಗಾಬರಿಯಾಗದೆ ಓದುವುದಿದ್ದರೆ ಅದು ನೀನೇ.

ಹಾಸ್ಟೆಲ್ ಸ್ಕೂಲಿನಲ್ಲಿ ಎಲ್ಲವೂ ಗಂಟೆಯ ಮೇಲೆ ನಡೆಯುತ್ತಿತ್ತು. ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ. ಏಳು ವರ್ಷ ನಾನು ತಪ್ಪದೆ ಪ್ರಾರ್ಥಿಸಿದೆ, ಅದನ್ನೇ ವಿಶ್ವಾಸ ಎಂದುಕೊಂಡಿದ್ದೆ. ಫಾರ್ಮಸಿ ಕಾಲೇಜಿಗೆ ಬಂದ ಎರಡನೆಯ ವಾರ ಒಂದು ದಿನ ಹಲ್ಲುಜ್ಜುತ್ತಿದ್ದಾಗ, ನಾಲ್ಕು ದಿನದಿಂದ ಪ್ರಾರ್ಥನೆಯನ್ನೇ ಮಾಡಿಲ್ಲ ಎಂದು ಹೊಳೆಯಿತು. ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಅವತ್ತೇ ಹೋಗಿ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳ ಗುಂಪಿಗೆ ಸೇರಿಕೊಂಡೆ, ಸುಸ್ತಾದವನು ವಿಟಮಿನ್ ಡಬ್ಬಿ ಕೊಂಡ ಹಾಗೆ. ಶನಿವಾರ ಮಧ್ಯಾಹ್ನ ಔಷಧ ತಯಾರಿಸುವ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಸೇರುತ್ತೇವೆ. ಹನ್ನೆರಡು ಜನ. ಕೊನೆಯ ವರ್ಷದವನೊಬ್ಬ ಸಭೆ ನಡೆಸುತ್ತಾನೆ, ಎಲ್ಲರೂ ಅವನನ್ನು ಹಿರಿಯ ಎನ್ನುತ್ತಾರೆ. ಅವನ ಹತ್ತಿರ ಉದ್ದನೆಯ ಗೆರೆಪುಸ್ತಕವಿತ್ತು. ಎಡಪುಟದಲ್ಲಿ ಯಾರಿಗಾಗಿ, ಏತಕ್ಕಾಗಿ ಪ್ರಾರ್ಥಿಸಬೇಕು ಎಂದು ಬರೆಯುವುದು, ಅದು ಈಡೇರಿದರೆ ಬಲಪುಟದಲ್ಲಿ ತಾರೀಕು ಹಾಕಿ ಟಿಕ್ ಮಾಡುವುದು. ನನ್ನ ಕೈಬರಹ ನೋಡಿ ಮೊದಲ ತಿಂಗಳೇ ಪುಸ್ತಕವನ್ನು ನನಗೆ ವಹಿಸಿದರು. ಅಷ್ಟು ಬೇಗ ಒಂದು ಹುದ್ದೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಹುದ್ದೆ ಇರುವವನಿಗೆ ಅನುಮಾನ ಇರುವುದಿಲ್ಲ ಎಂದು ನನ್ನ ಲೆಕ್ಕಾಚಾರ.

ನನ್ನ ರೂಮ್‌ಮೇಟಿಗೆ ಇಲ್ಲಿ ತಕ್ಕಡಿ ಎಂದು ಹೆಸರು. ಲ್ಯಾಬಿನಲ್ಲಿ ತೂಕದ ಯಂತ್ರದ ಮುಂದೆ ಕೂತರೆ ಏಳುವುದಿಲ್ಲ, ಮಾತನ್ನೂ ಹಾಗೆಯೇ ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಆಡುತ್ತಾನೆ. ಊಟಕ್ಕೆ ಮುಂಚೆ ತಲೆ ಬಗ್ಗಿಸುತ್ತೇನೆಂದು ನನಗೆ ಪಾದ್ರಿ ಎಂದು ಹೆಸರಿಟ್ಟವನೂ ಅವನೇ. ಒಳ್ಳೆಯವನು, ಅಣ್ಣಾ. ನನಗೆ ಜ್ವರ ಬಂದಾಗ ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಗ್ರಾಫ್ ಹಾಕಿದ್ದ. ಕಳೆದ ಸೋಮವಾರ ಮೆಸ್ಸಿನಲ್ಲಿ ದೇವರ ಮಾತು ಬಂತು. ಸ್ಕೂಲಿನಲ್ಲಿ ಕಲಿಸಿದ ಉತ್ತರಗಳೆಲ್ಲ ನನ್ನ ಬಳಿ ಇದ್ದವು, ಒಂದೊಂದಾಗಿ ಹೊರತೆಗೆದೆ. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಅವತ್ತು ಬೆಳಿಗ್ಗೆಯಷ್ಟೇ ಮೇಡಂ ಔಷಧ ಪರೀಕ್ಷೆಯ ಪಾಠ ಮಾಡಿದ್ದರು: ಗುಣವಾಗದವರನ್ನು ಪಟ್ಟಿಯಿಂದ ಬಿಟ್ಟರೆ ಸೀಮೆಸುಣ್ಣದ ಪುಡಿಯೂ ದಿವ್ಯೌಷಧ ಆಗುತ್ತದೆ ಎಂದು. ಅವನು ಅದನ್ನೇ ಹಿಡಿದುಕೊಂಡ. ನಿಮ್ಮ ಪುಸ್ತಕ ತೋರಿಸು, ಎಷ್ಟು ಈಡೇರಿವೆ ಎಂದು ನಾನು ಎಣಿಸುತ್ತೇನೆ, ಮೋಸ ಮಾಡುವುದಿಲ್ಲ, ಲೆಕ್ಕ ಚೆನ್ನಾಗಿದ್ದರೆ ಶನಿವಾರ ನಾನೂ ಬಂದು ಕೂರುತ್ತೇನೆ ಎಂದ. ಅಕ್ಕಪಕ್ಕದ ಟೇಬಲಿನವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು. ಬುಧವಾರ ಕೊಡುತ್ತೇನೆ ಎಂದುಬಿಟ್ಟೆ.

ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಪುಸ್ತಕ ಬಿಚ್ಚಿದೆ. ಒಟ್ಟು ಐವತ್ತೇಳು ಸಾಲು. ಟಿಕ್ ಬಿದ್ದವು ಇಪ್ಪತ್ತೊಂದು. ಅವುಗಳಲ್ಲೂ ಹೆಚ್ಚಿನವು ಪರೀಕ್ಷೆ ಪಾಸಾದದ್ದು, ಕೆಮ್ಮು ಹೋದದ್ದು, ಕಳೆದ ಕೀ ಸಿಕ್ಕಿದ್ದು. ಕಷ್ಟದ ಸಾಲುಗಳ ಎದುರಿನ ಪುಟ ಖಾಲಿ. ತಕ್ಕಡಿ ಏನು ಹೇಳುತ್ತಾನೆಂದು ಗೊತ್ತಿತ್ತು. ಅವನು ಹೇಳುವುದಕ್ಕೆ ಮೊದಲೇ ನನಗೂ ಹಾಗೇ ಅನ್ನಿಸಿತ್ತು. ನಾಲ್ಕು ಕಷ್ಟದ ಸಾಲುಗಳಿಗೆ ಟಿಕ್ ಹಾಕಿದೆ. ಬೇರೆ ಬೇರೆ ತಾರೀಕು, ಎರಡು ಬೇರೆ ಪೆನ್ನು. ದೇವರ ಪರವಾಗಿ ಸುಳ್ಳು ಹೇಳುವಾಗ ಅಕ್ಷರ ಕೆಡುತ್ತದೆ ಎಂದುಕೊಂಡಿದ್ದೆ. ಎಂದಿನಂತೆ ಚೆನ್ನಾಗಿಯೇ ಬಂತು.

ತಕ್ಕಡಿ ಅವತ್ತು ಸಂಜೆ ಒಂದೂವರೆ ಗಂಟೆ ಕೂತು ಎಣಿಸಿದ. ಕೊನೆಗೆ ಪುಸ್ತಕ ವಾಪಸ್ ಕೊಟ್ಟು, ನಾನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ನಾನು ಗೆದ್ದಿದ್ದೆ. ಗೆದ್ದವನಿಗೆ ಹೇಗನ್ನಿಸಬೇಕೋ ಹಾಗೆ ಅನ್ನಿಸಲಿಲ್ಲ, ಅಷ್ಟೇ.

ಮುಂದೆ ಆದದ್ದು ನಾನು ಎಣಿಸದೇ ಇದ್ದದ್ದು. ಆ ನಾಲ್ಕರಲ್ಲಿ ಒಂದು ಮೆಸ್ಸಿನ ಅಡುಗೆಯಕ್ಕನ ಮಗಳದ್ದು. ಹುಡುಗಿ ಒಂಬತ್ತನೆಯ ಕ್ಲಾಸು, ಫಿಟ್ಸ್ ಬರುತ್ತದೆ. ಫಿಟ್ಸ್ ಪೂರ್ತಿ ನಿಲ್ಲಲಿ ಎಂದು ಅಕ್ಕನೇ ನಮ್ಮ ಪುಸ್ತಕದಲ್ಲಿ ಬರೆಸಿದ್ದಳು. ಗುರುವಾರ ಬೆಳಿಗ್ಗೆ ತಿಂಡಿಗೆ ಹೋದ ತಕ್ಕಡಿ, ಮನಸ್ಸಿನಲ್ಲಿ ಏನೂ ಕಲ್ಮಷವಿಲ್ಲದೆ, ಮಗಳಿಗೆ ಗುಣವಾಯಿತಂತೆ, ಸಂತೋಷ ಅಕ್ಕಾ, ಪಾದ್ರಿಯ ಪುಸ್ತಕದಲ್ಲಿ ನೋಡಿದೆ ಎಂದು ಅವಳಿಗೆ ಹೇಳಿದ. ದೇವರೇ ಇಲ್ಲ ಎನ್ನುವವನ ಬಾಯಿಂದ ಆ ಸುದ್ದಿ ಬಂದಮೇಲೆ ಅವಳು ಯಾಕೆ ಅನುಮಾನಿಸಬೇಕು? ಶುಕ್ರವಾರ ಬೆಳಿಗ್ಗೆ ನಾನು ತಟ್ಟೆ ಹಿಡಿದು ನಿಂತಿದ್ದಾಗ ಅವಳು ಸೌಟು ಕೆಳಗಿಟ್ಟು ಹತ್ತಿರ ಬಂದಳು.

"ತಮ್ಮಾ, ನಿಮ್ಮ ಪುಸ್ತಕದಲ್ಲಿ ಬಂದಿದೆಯಂತಲ್ಲ. ನಿನ್ನೆ ರಾತ್ರಿ ಗುಳಿಗೆ ಕೊಡ್ಲಿಲ್ಲ, ಇವತ್ತು ಬೆಳಿಗ್ಗೇದೂ ಕೊಡ್ಲಿಲ್ಲ. ಎರಡು ತಿಂಗಳಿಂದ ಫಿಟ್ಸೂ ಬಂದಿಲ್ಲ. ಇನ್ನು ನಿಲ್ಲಿಸ್ಬಹುದು ಅಲ್ವಾ?"

ಎರಡು ತಿಂಗಳಿಂದ ಬಾರದೇ ಇದ್ದದ್ದು ಗುಳಿಗೆಯಿಂದ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು, ಇಷ್ಟು ನನಗೂ ಗೊತ್ತು. ನಾನು ಏನು ಹೇಳಿದೆ ಗೊತ್ತೇ? ಕೇಳಿ ಹೇಳ್ತೀನಿ ಅಕ್ಕಾ ಎಂದೆ. ಹೇಳಿ ಕ್ಲಾಸಿಗೆ ಹೋದೆ. ಮೊದಲ ಗಂಟೆ ಪೂರ್ತಿ ಲ್ಯಾಬಿನಲ್ಲಿ ಒಂದೇ ಪುಡಿಯನ್ನು ಮೂರು ಸಲ ತೂಗಿದೆ, ಮೂರು ಸಲವೂ ಬೇರೆ ಬೇರೆ ತೂಕ ಬಂತು. ತಲೆಯಲ್ಲಿ ಓಡುತ್ತಿದ್ದುದು ಆ ಹುಡುಗಿಯಲ್ಲ. ನಿಜ ಹೇಳಿದರೆ ತಕ್ಕಡಿಯ ಮುಖ ಹೇಗಾಗುತ್ತದೆ, ಹಿರಿಯ ಏನೆನ್ನುತ್ತಾನೆ, ನೋಡಿ ಇವರ ದೇವರ ಲೆಕ್ಕ ಇಷ್ಟೇ ಎಂದು ಮೆಸ್ಸಿನಲ್ಲಿ ಎಷ್ಟು ದಿನ ನಗುತ್ತಾರೆ, ಇದು. ಅವಳಿಗೆ ಮಾತ್ರ ಗುಟ್ಟಾಗಿ, ಗುಳಿಗೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದೇ ಎಂದೂ ನೋಡಿದೆ. ಆದರೆ ದೇವರು ವಾಸಿಮಾಡಿದ್ದಾನೆ ಎಂದು ನಂಬಿದ ತಾಯಿ ಫಸ್ಟ್ ಇಯರ್ ಹುಡುಗನ ಮಾತಿಗೆ ಗುಳಿಗೆ ಕೊಡುತ್ತಾಳೆಯೇ? ಹನ್ನೊಂದು ಗಂಟೆಗೆ ಲ್ಯಾಬ್ ಕೋಟಿನಲ್ಲೇ ಅಡುಗೆಮನೆಗೆ ಹೋದೆ.

ಟಿಕ್ ಹಾಕಿದ್ದು ನಾನೇ, ಅದು ಸುಳ್ಳು, ವಾದದಲ್ಲಿ ಗೆಲ್ಲುವುದಕ್ಕಾಗಿ ಹಾಕಿದೆ ಎಂದು ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಕೈಯಲ್ಲಿದ್ದುದನ್ನು ಪೂರ್ತಿ ಸುಲಿದು ನೀರಿಗೆ ಹಾಕಿದಳು.

"ಹಾಗಾದ್ರೆ ನೀವು ಪ್ರಾರ್ಥನೆ ಮಾಡ್ಲೇ ಇಲ್ವಾ?"

"ಮಾಡಿದ್ವಿ ಅಕ್ಕಾ. ಉತ್ತರ ಮಾತ್ರ ನಾನೇ ಬರೆದುಬಿಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು, ನಾನೂ ಹಿಂದೆಯೇ ಹೋದೆ. ಅವಳ ಮನೆ ಎರಡು ಬೀದಿ ಆಚೆ, ಮಹಡಿಯ ಮೇಲೆ ಒಂದೇ ಕೋಣೆ. ದಾರಿಯಲ್ಲೇ ಕ್ಲಿನಿಕ್ಕಿನ ಡಾಕ್ಟರಿಗೆ ಫೋನ್ ಮಾಡಿದೆವು. ಈಗ ಒಂದು ಕೊಡಿ, ಬಿಟ್ಟಿದ್ದಕ್ಕೆಂದು ಎರಡು ಒಟ್ಟಿಗೆ ಬೇಡ, ಸಂಜೆ ಕರೆದುಕೊಂಡು ಬನ್ನಿ ಎಂದರು. ಹುಡುಗಿ ಅವತ್ತು ಸ್ಕೂಲಿಗೆ ಹೋಗಿರಲಿಲ್ಲ. ನೆಲದ ಮೇಲೆ ಬೋರಲು ಮಲಗಿ ಮ್ಯಾಪಿಗೆ ಬಣ್ಣ ತುಂಬುತ್ತಿದ್ದಳು. ನಿಲ್ಲಿಸು ಅಂದಿದ್ದೂ ನೀನೇ, ನುಂಗು ಅನ್ನೋದೂ ನೀನೇ ಎಂದು ತಾಯಿಯ ಮೇಲೆ ರೇಗಿ ಗುಳಿಗೆ ನುಂಗಿದಳು. ಏನೂ ಆಗಲಿಲ್ಲ, ಅಣ್ಣಾ. ಇವತ್ತಿಗೂ ಏನೂ ಆಗಿಲ್ಲ, ಬೆಳಿಗ್ಗೆ ಕೇಳಿಕೊಂಡು ಬಂದೆ. ಅಕ್ಕ ನನ್ನ ಜೊತೆ ಮಾತಾಡುತ್ತಾಳೆ, ಆದರೆ ತಮ್ಮಾ ಎನ್ನುವುದನ್ನು ಬಿಟ್ಟಿದ್ದಾಳೆ.

ಸಂಜೆ ತಕ್ಕಡಿಗೂ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ, ನನಗೆ ಹೇಳದೆ ನನ್ನ ಬಾಯಿಂದಲೂ ಸುಳ್ಳು ಹೇಳಿಸಿಬಿಟ್ಟೆಯಲ್ಲ ಎಂದು ಸಿಟ್ಟಾದ. ಅದು ನ್ಯಾಯವೇ. ಆಮೇಲೆ ಕೇಳಿದ: "ನೀನು ಓಡಿಹೋಗಿ ನಿಜ ಹೇಳಿದ್ದು ನಿನ್ನ ದೇವರ ಭಯಕ್ಕಾ, ಆ ಹುಡುಗಿಗೆ ಏನಾದ್ರೂ ಆಗುತ್ತೆ ಅನ್ನೋ ಭಯಕ್ಕಾ?" ಗೊತ್ತಿಲ್ಲ, ಹುಡುಗಿಯದ್ದೇ ಇರಬೇಕು ಎಂದೆ. ಈಗ ಯೋಚಿಸಿದರೆ ಅವೆರಡನ್ನೂ ಬೇರೆ ಬೇರೆ ತೂಗುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಅವನಿಗೆ ತಿಳಿದಿರಬಹುದು.

ನಿನ್ನೆ ಶನಿವಾರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ದೇವರು ನನಗೇನು ಮಾಡಿದನೆಂದು ಸ್ಕೂಲಿನಲ್ಲಿ ನೂರು ಸಲ ಸಾಕ್ಷಿ ಹೇಳಿದ್ದೇನೆ, ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ. ಇದು ಮನೆಮಾತಿನಲ್ಲಿ ಬಂತು, ತೊದಲುತ್ತಾ. ಒಬ್ಬಳು ಹುಡುಗಿ ಅಳತೊಡಗಿದಳು, ಅವಳ ಸಾಲಿಗೂ ನಾನು ಸುಳ್ಳು ಟಿಕ್ ಹಾಕಿದ್ದೆ, ಅವಳು ಅದನ್ನು ನೋಡಿಯೂ ಇದ್ದಳು. ಪುಸ್ತಕ ಇನ್ನು ನಿನ್ನ ಹತ್ತಿರ ಬೇಡ ಎಂದ ಹಿರಿಯ. ಸರಿ ಎಂದೆ. ಕೊಡುವ ಮುಂಚೆ, ಈಡೇರದ ಸಾಲುಗಳನ್ನು ಒಂದು ಸಲ ಓದಬಹುದೇ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಪ್ರತಿ ಶನಿವಾರ ನಾವು ಟಿಕ್ ಬಿದ್ದವುಗಳನ್ನು ಮಾತ್ರ ಓದಿ ಸ್ತೋತ್ರ ಹೇಳುತ್ತಿದ್ದೆವು. ನನ್ನ ನಾಲ್ಕನ್ನು ಹೊಡೆದುಹಾಕಿದ ಮೇಲೆ ಮೂವತ್ತಾರು ಸಾಲು. ಓದಲು ನಲವತ್ತು ನಿಮಿಷ ಬೇಕಾಯಿತು, ಯಾಕೆಂದರೆ ಒಂದೊಂದು ಸಾಲಿಗೂ ಯಾರಾದರೊಬ್ಬರು, ಇದು ನಂದು, ಇನ್ನೂ ಹಾಗೇ ಇದೆ ಎನ್ನುತ್ತಿದ್ದರು. ಕೆಲವರಿಗೆ ಪಕ್ಕದಲ್ಲಿ ಕೂತವರ ಕಷ್ಟ ಅವತ್ತೇ ಗೊತ್ತಾದದ್ದು. ತಕ್ಕಡಿ ಬರಲಿಲ್ಲ. ಅವನು ಬರಬೇಕಾದ ಕಾರಣವೂ ಉಳಿದಿರಲಿಲ್ಲ.

ನಂಬಿಕೆ ಬಂತೇ ಎಂದು ನೀನು ಕೇಳುತ್ತೀಯ. ಪೂರ್ತಿ ಬಂದಿಲ್ಲ. ಮೂವತ್ತಾರು ಸಾಲಿಗೆ ದೇವರು ಯಾಕೆ ಸುಮ್ಮನಿದ್ದಾನೆ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಸ್ಕೂಲಿನ ಉತ್ತರಗಳು ಈಗ ಬಾಯಿಗೇ ಬರುವುದಿಲ್ಲ. ಆದರೆ ಒಂದು ಹೇಳುತ್ತೇನೆ. ಅವನು ಇಲ್ಲದಿದ್ದರೆ ನನ್ನ ನಾಲ್ಕು ಟಿಕ್ಕಿನಿಂದ ಹುಟ್ಟಿಬರುವುದಿಲ್ಲ, ಇದ್ದರೆ ಆ ಟಿಕ್ಕು ಅವನಿಗೆ ಬೇಕಾಗಿಲ್ಲ. ನಿನ್ನೆ ಓದುತ್ತಿದ್ದಾಗ, ಗಂಟೆ ಹೊಡೆಯದೆ ನಾನು ಮಾಡಿದ ಮೊದಲ ಪ್ರಾರ್ಥನೆ ಇದು ಎನ್ನಿಸಿತು. ಮುಂದಿನ ಶನಿವಾರವೂ ಹೋಗುತ್ತೇನೆ, ಕೊನೆಯ ಬೆಂಚಿಗೆ. ನೀನು ಅವತ್ತು ಎದ್ದುನಿಂತದ್ದನ್ನು ನಾನು ಇಷ್ಟು ದಿನ ಬೇರೆ ರೀತಿ ತಿಳಿದಿದ್ದೆ. ನಂಬದೆಯೂ ಕಣ್ಣು ಮುಚ್ಚಿಕೊಂಡು ಕೂರುವುದು ನಿನಗೆ ಸುಲಭವಿತ್ತು. ನಾನಾಗಿದ್ದರೆ ಕೂರುತ್ತಿದ್ದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು, ಕಂಡಕಂಡ ಮುಲಾಮು ಹಚ್ಚಬೇಡ. ದೇವರು ನಿನ್ನನ್ನು ಕಾಯಲಿ ಎಂದು ಬರೆಯುತ್ತೇನೆ. ನಿನಗೆ ಬೇಡವಾದರೆ ಆ ಸಾಲನ್ನು ನನ್ನದೆಂದು ಬಿಟ್ಟುಬಿಡು, ನಾನಂತೂ ಸುಳ್ಳಿಗೆ ಬರೆದಿಲ್ಲ.

ನಿನ್ನ ಪ್ರೀತಿಯ
ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ನಾಲ್ಕರಲ್ಲಿ ಒಂದು ನಿನ್ನದು. 'ಅಣ್ಣ ಮನೆಗೆ ಬರಲಿ' ಎಂದು ಸೇರಿದ ಮೊದಲ ವಾರವೇ ಬರೆದಿದ್ದೆ. ಟಿಕ್ ಬಿದ್ದವರ ಮನೆಗೆ, ಪ್ರಾರ್ಥನೆ ಈಡೇರಿತು ಎಂದು ಹಿರಿಯ ಒಂದು ಕಾರ್ಡು ಹಾಕುತ್ತಾನೆ, ಗುರುವಾರ ಪುಸ್ತಕ ನೋಡಿದವನು ಅವತ್ತೇ ಹಾಕಿಬಿಟ್ಟಿದ್ದಾನೆ. ಅದು ನಿನ್ನೆ ಮನೆಗೆ ಮುಟ್ಟಿದೆ. ಇವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿ, ಅವನು ಬಂದಿದ್ದಾನಂತೆ, ನಿನ್ನ ಹತ್ತಿರ ಇದ್ದಾನಾ, ಯಾಕೆ ಮುಚ್ಚಿಡ್ತೀಯ ಎಂದಳು. ಅವಳಿಗೂ ನಿಜ ಹೇಳಿದೆ. ಫೋನಿನ ಆಚೆ ಓಡುತ್ತಿದ್ದ ಅಪ್ಪನ ಹೊಲಿಗೆ ಯಂತ್ರ ನಿಂತಿತು. ಅಪ್ಪ ಫೋನ್ ತೆಗೆದುಕೊಂಡರು. ಕಾರ್ಡು ಓದಿ ನಿನ್ನೆಯೇ ನಿನಗೊಂದು ಅಂಗಿಗೆ ಬಟ್ಟೆ ಕತ್ತರಿಸಲು ಕೂತರಂತೆ, ಹಳೆಯ ಅಳತೆಯ ಮೇಲೆ ಕತ್ತರಿ ಇಡಲು ಕೈ ಬರಲಿಲ್ಲವಂತೆ. ಬರ್ತಾನಾ ಎಂದು ಕೇಳಲಿಲ್ಲ. "ಅವನ ಭುಜ ಈಗ ಎಷ್ಟಿದೆ ಕೇಳು" ಎಂದರು, ಅಷ್ಟೇ. ಬರುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಅದರ ಬಗ್ಗೆ ಒಂದು ಅಕ್ಷರವೂ ಬರೆಯುವುದಿಲ್ಲ. ಭುಜ, ತೋಳು, ಕೊರಳು, ಮೂರನ್ನೂ ಯಾರ ಕೈಯಲ್ಲಾದರೂ ಅಳೆಸಿ ಅಪ್ಪನ ವಿಳಾಸಕ್ಕೇ ಕಳಿಸು. ಅಂದಾಜಿನಲ್ಲಿ ಬರೆಯಬೇಡ.