ಪದ್ಮವ್ವ ಕೇಳಿದ ಒಂದು ವರ್ಷ

ಗೋಕಾಕ
೬ ನವೆಂಬರ್ ೧೯೬೬

ಮಗಳೇ ಚನ್ನವ್ವ, ನಿನಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ನಾನಿಲ್ಲಿ ಗಟ್ಟಿಯಾಗಿದ್ದೇನೆ. ಮೊಣಕಾಲು ನೋಯುತ್ತದೆ, ಅದರ ಮಾತು ಬೇಡ. ನಿನ್ನ ಕಾಗದ ಮೊನ್ನೆ ಬಂತು. ಬರುವ ವಾರ ಹುಕ್ಕೇರಿಯಲ್ಲಿ ನೀನು ನಡೆಸಲಿರುವ ನಮ್ಮ ಸಂಘದ ಶಾಖೆ ತೆರೆಯುತ್ತದೆ, ಬಂದವರ ಎದುರು ಸಂಘದ ಕಥೆ ಹೇಳಬೇಕು, ಹತ್ತು ಸಾಲು ಬರೆದು ಕಳಿಸು ಎಂದಿದ್ದೀ. ಹತ್ತು ಸಾಲು ನಮ್ಮ ಅಚ್ಚಾದ ವರದಿಯಲ್ಲೇ ಇದೆ, ಅದನ್ನು ಓದಿಬಿಡು. ಆದರೆ ಅದನ್ನು ಓದಿದವರಿಗೆ ನಾವು ಹದಿನೈದು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ ಅನಿಸುತ್ತದೆ. ಮಾಡಿದ ಒಂದು ದೊಡ್ಡ ತಪ್ಪನ್ನು ತಿಳಿಯದೆ ನೀನು ಹುಕ್ಕೇರಿಯಲ್ಲಿ ಕೂರಬಾರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಹೆಂಗಸರಿಬ್ಬರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಸಂಘ ಶುರುವಾದಾಗ ನಿನಗೆ ಎಂಟು ವರ್ಷ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು, ಕಾಶೆವ್ವ ಓಣಿಯ ಸೂಲಗಿತ್ತಿ, ಸೋಮಪ್ಪ ಗಿರಣಿ ಕೆಲಸ ಬಿಟ್ಟು ಮನೆಯಲ್ಲಿದ್ದವನು. ಮೂವರಿಗೂ ಒಂದೇ ಚಟ: ಯಾರಾದರೂ ಬಾಗಿಲಲ್ಲಿ ನಿಂತು ಅತ್ತರೆ ಒಳಗೆ ಕರೆದು ಕೂರಿಸುವುದು.

ಮೊದಲು ಬಂದವಳು ಉದ್ದವ್ವ. ಅವಳೂ ಗಂಡ ಹನಮಂತನೂ ಒಂದೇ ಮನೆಯಲ್ಲಿದ್ದು ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದರು. ಹಿರಿಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಬೈದು ನೋಡಿದ್ದರು. ನಾವು ಬೇರೆ ಬೇರೆ ಕೂರಿಸಿದೆವು. ಕಾಶೆವ್ವನ ಹತ್ತಿರ ಉದ್ದವ್ವ ಹೇಳಿದ್ದು, ಕೂಸು ಸತ್ತ ದಿನವೂ ಅವರು ಗಿರಣಿ ಬಿಟ್ಟು ಬರಲಿಲ್ಲ ಎಂದು. ಸೋಮಪ್ಪನ ಹತ್ತಿರ ಹನಮಂತ ಹೇಳಿದ್ದು, ಸುದ್ದಿ ತಡವಾಗಿ ತಿಳಿದು ಓಡಿ ಬಂದರೆ ನನ್ನ ಕೂಸಿನ ಮುಖವನ್ನೂ ತೋರಿಸದೆ ಮಣ್ಣು ಮಾಡಿದ್ದರು ಎಂದು. ಇಬ್ಬರದೂ ಒಂದೇ ದುಃಖ. ಅವನ ಮಾತು ಅವಳಿಗೆ, ಅವಳ ಮಾತು ಅವನಿಗೆ ಮುಟ್ಟಿದ ದಿನ ಆ ಮನೆಯಲ್ಲಿ ಇಬ್ಬರೂ ಕೂಡಿ ಅತ್ತರು. ಈಗ ಅವರಿಗೆ ಮೂರು ಮಕ್ಕಳು.

ಇದರಿಂದ ನನಗೆ ಸೊಕ್ಕು ಬಂತು. ಎಣ್ಣೆ ವ್ಯಾಪಾರಿ ಬೀರಸಿದ್ದಪ್ಪ ಸಾವ್ಕಾರರು ಅಂಗಡಿಯ ಹಿಂದಿನ ಖೋಲಿಯನ್ನು ಪುಕ್ಕಟೆ ಬಿಟ್ಟುಕೊಟ್ಟರು. ಬಾಗಿಲ ಮೇಲೆ ‘ಸಂಸಾರ ಕೂಡಿಸುವ ಸಂಘ’ ಎಂದು ನಾನೇ ದಪ್ಪ ಅಕ್ಷರದಲ್ಲಿ ಬರೆಸಿದೆ. ಎರಡು ವರ್ಷದಲ್ಲಿ ಹದಿನೇಳು ಸಂಸಾರ ಕೂಡಿಸಿದೆವು. ಆ ಹದಿನೇಳರಲ್ಲಿ ಎಷ್ಟು ಮನೆಯಲ್ಲಿ ಬರೀ ಬಾಯಿ ಮುಚ್ಚಿಸಿ ಬಂದೆವೋ, ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಹದಿನೆಂಟನೆಯವಳು ಪದ್ಮವ್ವ. ನೀನು ಚಿಗವ್ವ ಎಂದು ಕರೆಯುವ, ನಿನ್ನ ಜಡೆ ಹೆಣೆದ, ಈಗ ಮೂಡಲಗಿ ಶಾಖೆ ನಡೆಸುವ ಅವಳೇ. ದೂರದ ಸಂಬಂಧ ಎಂದು ನಿನಗೆ ಹೇಳಿದ್ದೆ. ಸಂಬಂಧವೇನೂ ಇರಲಿಲ್ಲ.

ಅರಭಾವಿಯ ಹುಡುಗಿ, ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದರು. ಗಂಡ ಲಗಮಪ್ಪ ದುಡಿಯುವವನು, ಕುಡಿಯದವನು, ಆದರೆ ಹೊಡೆಯಲು ಕೈ ಮುಂದು. ಮೂರು ಸಲ ಅವಳು ನಮ್ಮ ಖೋಲಿಗೆ ಬಂದಳು. ಮೂರು ಸಲವೂ ಮೂಲೆಯಲ್ಲಿ ಸೆರಗು ಹಿಡಿದು ಕೂತಳು. ನಾನು ಅತ್ತೆಯನ್ನು ಕರೆಸಿ ಮಾತಾಡಿದೆ, ಮಾವನಿಂದ ಮಾತು ತೆಗೆದುಕೊಂಡೆ, ಲಗಮಪ್ಪನಿಂದ ಆಣೆ ಮಾಡಿಸಿದೆ. ಕಾಶೆವ್ವ ಬೇಡವೆಂದಳು, ಹುಡುಗಿಯ ಕಣ್ಣಲ್ಲಿ ಹೆದರಿಕೆಯಿದೆ, ಸ್ವಲ್ಪ ದಿನ ಇಲ್ಲೇ ಇರಲಿ ಎಂದಳು. ನಾನು ಕೇಳಲಿಲ್ಲ. ವರದಿಯಲ್ಲಿ ‘ಸಂಘವು ನಿರ್ಧರಿಸಿತು’ ಎಂದಿದೆ. ಅದು ಸುಳ್ಳು, ನಿರ್ಧರಿಸಿದವಳು ನಾನೊಬ್ಬಳೇ. ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಅತ್ತೆಮನೆಯ ಹೊಸ್ತಿಲು ದಾಟಿಸಿ, ಅವರ ಮನೆಯಲ್ಲಿ ಊಟ ಮಾಡಿ ಬಂದೆ.

ಯಾಕೆ ಅಷ್ಟು ಅವಸರಪಟ್ಟೆ ಎಂದು ಕೇಳುತ್ತೀ. ಗಂಡ ಜೊತೆಗಿಲ್ಲದ ಹೆಂಗಸು ಊರ ಸಂಸಾರ ನೆಟ್ಟಗೆ ಮಾಡಲು ಹೊರಟಿದ್ದಾಳೆ ಎಂದು ನಗುವವರಿದ್ದರು. ಒಂದು ಮನೆ ಮುರಿದರೂ ಬೆರಳು ನನ್ನ ಕಡೆಗೇ ಬರುತ್ತಿತ್ತು. ಆ ಬೆರಳಿಗೆ ಹೆದರಿದೆ.

ನಾಲ್ಕು ತಿಂಗಳ ಮೇಲೆ ಪದ್ಮವ್ವ ಬಾಗೇವಾಡಿಯಿಂದ ನಡೆದುಕೊಂಡೇ ಬಂದಳು. ಎಡಗೈಯ ಎರಡು ಬೆರಳು ಮುರಿದು, ಸೊಟ್ಟಗೇ ಕೂಡಿಕೊಂಡಿದ್ದವು. ಇವತ್ತಿಗೂ ಅವು ನೆಟ್ಟಗಾಗುವುದಿಲ್ಲ. ನಾನು ಏನೇನೋ ಹೇಳಲು ಹೋದೆ. ಅವಳು ಅಳಲಿಲ್ಲ. ನನ್ನನ್ನೇ ನೋಡಿ ಹೇಳಿದಳು:

“ಅಕ್ಕೋರ, ನೀವು ನಮ್ಮ ಅತ್ತೀನ್ನ ಕೇಳಿದ್ರಿ, ಮಾವನ್ನ ಕೇಳಿದ್ರಿ, ಅವರನ್ನೂ ಕೇಳಿದ್ರಿ. ನಿನಗೇನ ಬೇಕವಾ ಅಂತ ನನ್ನ ಒಬ್ಬಾಕಿನ್ನ ಕೇಳಲಿಲ್ರಿ.”

ಮಗಳೇ, ಶಾಲೆಯಲ್ಲಿ ಸಾವಿರ ಹುಡುಗಿಯರಿಗೆ ಪ್ರಶ್ನೆ ಕೇಳಿದವಳು ನಾನು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವಳ ಕೈ ಹಿಡಿದುಕೊಂಡು ಆಗ ಕೇಳಿದೆ. ತವರಿಗೆ ಹೋಗುತ್ತೇನೆ ಎನ್ನಬಹುದು, ಗಂಡನಿಗೆ ಶಿಕ್ಷೆ ಮಾಡಿಸಿರಿ ಎನ್ನಬಹುದು ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟೇ: “ಒಂದ ವರ್ಷ ನನ್ನ ಕರ್ಯಾಕ ಯಾರೂ ಬರಬಾರ್ದ್ರಿ. ಆಮ್ಯಾಲ ನಾನ ಹೇಳ್ತೀನಿ.”

ಆ ಒಂದು ವರ್ಷ ಕಾಯುವುದು ಸುಲಭವಾಗಲಿಲ್ಲ. ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ವಾರದೊಳಗೆ ಅವಳ ಮಾವ ನಾಲ್ವರು ಹಿರಿಯರೊಂದಿಗೆ ಬಂದ. ಅವರಲ್ಲೊಬ್ಬರು ಬೀರಸಿದ್ದಪ್ಪ ಸಾವ್ಕಾರರ ಬೀಗರು. ಸಾವ್ಕಾರರು ನನ್ನನ್ನು ಅಂಗಡಿಗೆ ಕರೆಸಿ, ಹುಡುಗಿಯನ್ನು ಕಳಿಸಿಬಿಡಿ, ನಿಮಗೂ ಹೆಣ್ಣುಮಗಳಿದ್ದಾಳೆ, ನಾಳೆ ಯಾರು ಮದುವೆಯಾಗುತ್ತಾರೆ ಎಂದರು. ಕಡೆಗೆ, “ನಾ ಖೋಲಿ ಕೊಟ್ಟಿದ್ದು ಮನಿ ಕೂಡ್ಸಾಕ, ಮುರ್ಯಾಕ ಅಲ್ಲ” ಎಂದರು.

“ಮನಿ ಆಕೀದೂ ಐತ್ರಿ, ಸಾವ್ಕಾರ್ರ. ಆಕಿ ಅದ್ರಾಗ ಇರಾಕ ಒಲ್ಲೆ ಅನ್ನಾಕತ್ತಾಳಂದ್ರ, ಮುರದಾವ್ರು ನಾವಲ್ಲ” ಎಂದೆ. 

ಮರುದಿನವೇ ಖೋಲಿಗೆ ಬೀಗ ಬಿತ್ತು. ಚಾಪೆ, ಕೊಡ, ಎರಡು ಸ್ಟೂಲು ಹೊತ್ತುಕೊಂಡು ಕಾಶೆವ್ವನ ಮನೆಯ ಕಟ್ಟೆಗೆ ಬಂದೆವು. ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಆದರೆ ಬಂದವರು ಮೊದಲಿಗಿಂತ ಹೆಚ್ಚು ಮಾತಾಡಿದರು. ಪದ್ಮವ್ವ ನಿನ್ನ ಪಕ್ಕ ಕೂತು, ನಿನ್ನ ಪಾಟಿಯ ಮೇಲೆಯೇ ಅಕ್ಷರ ಕಲಿತಳು, ನಿನಗೆ ನೆನಪಿರಬೇಕು.

ಏಳನೇ ತಿಂಗಳಲ್ಲಿ ಲಗಮಪ್ಪ ಒಬ್ಬನೇ ಬಂದ. ನಾನು ಅವನನ್ನು ಕಟ್ಟೆ ಹತ್ತಿಸಲು ಒಪ್ಪಲಿಲ್ಲ. ಸೋಮಪ್ಪ ನನಗೆ ಎದುರಾಡಿದ್ದು ಅದೇ ಮೊದಲ ಸಲ. ಲಗಮಪ್ಪನ ಮಾತು ಕೇಳಿದರೆ ಅವನು ಮಾಡಿದ್ದನ್ನು ಒಪ್ಪಿದ ಹಾಗಾಗುವುದಿಲ್ಲ, ನಾವು ಒಬ್ಬರದೇ ಮಾತು ಕೇಳುವುದಾದರೆ ಊರ ಪಂಚರಿಗೂ ನಮಗೂ ಏನು ಭೇದ ಎಂದ. ಪದ್ಮವ್ವನನ್ನು ಕೇಳಿದೆವು. ನಾನು ಅವರ ಮುಖ ನೋಡುವುದಿಲ್ಲ, ನೀವು ಮಾತಾಡುವುದಕ್ಕೆ ನನ್ನ ಅಡ್ಡಿಯಿಲ್ಲ ಎಂದಳು. ಸೋಮಪ್ಪ ಅವನನ್ನು ಹೊಳೆ ದಂಡೆಗೆ ಕರೆದುಕೊಂಡು ಹೋದ. ಮೊದಲೆರಡು ಸಲ ಅವನು ಬರೀ ಕೂಗಾಡಿದನಂತೆ. ಮೂರನೆಯ ಸಲ ಹೇಳಿದನಂತೆ: “ನಮ್ಮಪ್ಪನೂ ಹಿಂಗ ಇದ್ದನ್ರಿ. ಮನ್ಯಾಗ ಗಂಡಸು ಬ್ಯಾರೆ ಥರಾ ಇರತಾನಂತ ನಾ ನೋಡೇ ಇಲ್ಲ.”

ವರ್ಷ ತುಂಬಿತು. ನಾನು ಬಾಯಿ ಬಿಡಲಿಲ್ಲ, ಪದ್ಮವ್ವನೇ ಹೇಳಿದಳು: ಹೋಗುವುದಿಲ್ಲ ಎಂದು. ಎರಡೂ ಕಡೆಯವರು ಹುಕ್ಕೇರಿಯಲ್ಲಿ ಸೇರಿ, ಅವರ ಕುಲದ ಪದ್ಧತಿಯಂತೆ ಸಂಬಂಧ ಬಿಡಿಸುವ ಸೋಡಚೀಟಿ ಬರೆದರು. ಲಗಮಪ್ಪ ಹೆಬ್ಬೆಟ್ಟು ಒತ್ತಿ ಅವಳ ಸೊಟ್ಟ ಬೆರಳುಗಳನ್ನೇ ನೋಡುತ್ತ ಕೈ ಮುಗಿದ. ಅವಳು ತಿರುಗಿ ಮುಗಿಯಲಿಲ್ಲ. ಮುಗಿಯಬೇಕೆಂದು ನಾವೂ ಹೇಳಲಿಲ್ಲ.

ಸಂಘಕ್ಕೆ ‘ಕುಟುಂಬ ಸಲಹಾ ಸಂಘ’ ಎಂದು ಹೆಸರು ಬದಲಾದದ್ದು ಆ ವಾರ. ಮೂರು ವರ್ಷದ ಮೇಲೆ ಲಗಮಪ್ಪ ಸಂಕೇಶ್ವರದ ಕಡೆಯ ಒಬ್ಬ ವಿಧವೆಯನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದ. ಈಕೆಯನ್ನು ಉಡಕಿ ಮದುವೆ ಮಾಡಿಕೊಳ್ಳಬೇಕೆಂದಿದ್ದೇನೆ, ನಾನು ಹೇಗಿದ್ದೆ ಎಂಬುದನ್ನು ಈಕೆಗೆ ನೀವೇ ಹೇಳಿರಿ, ಆಮೇಲೆ ಈಕೆಗೆ ಮನಸ್ಸಿದ್ದರೆ ಆಗಲಿ ಎಂದ. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಆಕೆ ಎರಡು ದಿನ ಯೋಚಿಸಿ ಒಪ್ಪಿದಳು. ಸೋಮಪ್ಪ ಇಂದಿಗೂ ವರ್ಷಕ್ಕೆರಡು ಸಲ ಹೋಗಿ ಆಕೆಯನ್ನು ಬೇರೆಯಾಗಿ ಮಾತಾಡಿಸಿ ಬರುತ್ತಾನೆ. ಆ ಮನೆಯಲ್ಲಿ ಕೈ ಎತ್ತಿದ್ದು ಕೇಳಿಲ್ಲ. ಸಾವ್ಕಾರರು ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಎಲ್ಲರೂ ಒಲಿಯಬೇಕೆಂದು ಕಾದರೆ ಈ ಕೆಲಸವಾಗದು.

ನೀನು ಇದನ್ನು ಚೆನ್ನಾಗಿ ಮಾಡುತ್ತೀ, ನನಗೆ ಅನುಮಾನವಿಲ್ಲ. ಸಣ್ಣವಳಿದ್ದಾಗಲೂ ಜಗಳವಾದರೆ ಎರಡೂ ಕಡೆಯ ಮಾತು ಕೇಳಿಯೇ ನೀನು ಬಾಯಿ ಬಿಡುತ್ತಿದ್ದೆ. ಎಷ್ಟು ಮನೆ ಕೂಡಿಸಿದಿರಿ ಎಂದು ದೊಡ್ಡ ಮಂದಿ ಕೇಳುತ್ತಾರೆ. ನಾವು ಅದನ್ನು ಎಣಿಸುವುದಿಲ್ಲ ಎಂದು ನಗುತ್ತ ಹೇಳು. ಮೊದಲ ದಿನ ಯಾರೂ ಬರದಿದ್ದರೆ ಬಾಗಿಲು ತೆರೆದು ಕೂತಿರು. ಎರಡನೇ ದಿನವೂ ಬರದಿದ್ದರೆ ಬಾವಿ ಕಟ್ಟೆಯ ಕಡೆಗೆ ನೀನೇ ಹೋಗು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮೇಲೆ ಪೂರ್ತಿ ಭರವಸೆಯುಳ್ಳ ಅವ್ವ,
ಸಾವಂತ್ರೆವ್ವ

ತಾ. ಕ.: ಇದನ್ನು ಮೇಲೆ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನಪ್ಪ ಸೊಲ್ಲಾಪುರದ ಗಿರಣಿಗೆ ಹೋದವರು ನಮ್ಮನ್ನು ಮರೆತರು ಎಂದು ಊರಿಗೂ ನಿನಗೂ ಹೇಳುತ್ತ ಬಂದೆ. ಅವರು ಮರೆಯಲಿಲ್ಲ. ೧೯೪೭ರಲ್ಲಿ ನಾಲ್ಕು ವರ್ಷದ ನಿನ್ನನ್ನು ಎತ್ತಿಕೊಂಡು ಮೂಡಲಗಿಯ ಮನೆಯಿಂದ ಹೊರಟವಳು ನಾನು. ಅವರು ಹೊಡೆದವರಲ್ಲ, ಬೈದವರಲ್ಲ. ಮನೆಯ ಹಿರಿಯರು ನನ್ನ ಪುಸ್ತಕ ಒಲೆಗೆ ಹಾಕಿದಾಗ ತಲೆ ತಗ್ಗಿಸಿ ಕೂತರು, ಅಷ್ಟೇ. ಎರಡು ಸಲ ಕರೆಯಲು ಬಂದರು, ನಾನು ಹೋಗಲಿಲ್ಲ. ಆಮೇಲೆ ಅವರು ಸೊಲ್ಲಾಪುರಕ್ಕೆ ಹೋದರು. ಈಗಲೂ ಅಲ್ಲೇ, ಒಬ್ಬರೇ ಇದ್ದಾರೆ. ಹೋದ ತಿಂಗಳು ಸೋಮಪ್ಪ ಕಂಡು ಬಂದ, ನಿನ್ನನ್ನು ಬಹಳ ಕೇಳಿದರಂತೆ. ಹೊರಟು ಬಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಿನಗೆ ಸುಳ್ಳು ಹೇಳಿದ್ದಕ್ಕೆ ಇದೆ. ವಿಳಾಸ ಈ ಹಾಳೆಯ ಹಿಂದಿದೆ. ನೋಡಬೇಕೆನಿಸಿದರೆ ಹೋಗಿ ನೋಡು. ಅವ್ವನಿಗೆ ನೋವಾದೀತೆಂದು ನಿಲ್ಲಬೇಡ.